ಮೊಣಕೈಯೂ ಕರ್ತೃತ್ವವೂ
ಲವಣಜಲದಿಂದ ಮೊಣಕೈಯ ಕೀಲನ್ನು ಉಬ್ಬಿಸಿ ನರಗಳನ್ನು ತುಸು ದೂರ ಸರಿಸಿ, 4 ಮಿಲಿಮೀಟರ್ ದಪ್ಪದ ದರ್ಶಕನಳಿಕೆಯನ್ನು ಸಣ್ಣ ರಂಧ್ರವೊಂದರ ಮೂಲಕ ಆ ಸಂದಿನೊಳಕ್ಕೆ ಇಳಿಸಿ, ಸಡಿಲಗೊಂಡ ಎಲುಬಿನ ಚೂರುಗಳನ್ನು ಹೊರತೆಗೆಯುವ ವೈದ್ಯನ ಹಸ್ತಕೌಶಲವನ್ನು ಕಂಡವರಿಗೆ, ಗುಣಪಡಿಸಿದವನು ಅವನೇ ಎಂದು ತೋರುವುದು ಸಹಜವೇ ಸರಿ. ಆದರೆ ಗೀತೆಯ 18ನೆಯ ಅಧ್ಯಾಯವು ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವಗಳೆಂಬ ಐದು ಕಾರಣಗಳನ್ನು ಹೇಳುತ್ತದೆ. ನೋವನ್ನು ಸಹಿಸಿ ದಿನದಿನವೂ ಕೈಯನ್ನು ಮಡಿಸಿ ಚಾಚುವ ರೋಗಿಯ ಚೇಷ್ಟೆ ಇಲ್ಲದಿದ್ದರೆ, ಬಹುಬೇಗ ಬಿಗಿದುಕೊಳ್ಳುವ ಸ್ವಭಾವದ ಈ ಕೀಲಿನಲ್ಲಿ ವೈದ್ಯನ ಶ್ರಮವೆಲ್ಲ ನಿಷ್ಫಲವಾದೀತು. ಗಾಯವನ್ನು ಒಳಗಿನಿಂದ ಕೂಡಿಸುವ ಶಕ್ತಿಯಾದರೋ ಇಬ್ಬರ ಅಂಕೆಗೂ ಒಳಪಟ್ಟುದಲ್ಲ. ಅದನ್ನು ದೈವವೆನ್ನಲು ನನಗೆ ಸಂಕೋಚವಿಲ್ಲ. ಆದರೆ ದೈವವನ್ನು ನೆಚ್ಚಿ ವ್ಯಾಯಾಮವನ್ನು ಬಿಡುವುದು ಭಕ್ತಿಯಾಗದು: ತುತ್ತು ಬಾಯಿಗೆ ಮುಟ್ಟಬೇಕಾದರೆ ಮೊಣಕೈ ಸುಮಾರು 130 ಡಿಗ್ರಿಯಷ್ಟು ಮಡಿಯಬೇಕು.