ಅರ್ಧ ಆಳು, ಇಡೀ ಹೊಟ್ಟೆ

ನಮ್ಮವ್ವ ತಾಲ್ಲೂಕಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಾಳೆ, ಕಕ್ಕಸು ತೊಳೆಯುತ್ತಾಳೆ. ಬೆಳಗ್ಗೆ ಆರರಿಂದ ಹತ್ತರವರೆಗೆ. ಹನ್ನೊಂದು ವರ್ಷವಾಯಿತು. ಅಲ್ಲಿ ದುಡಿಯುವವರು ನಲವತ್ತು ಜನ. ಎಲ್ಲರಿಗೂ ಪಿ.ಎಫ್. ಇದೆ, ಅವ್ವನಿಗಿಲ್ಲ. ಬಿ.ಎ. ಮುಗಿಸಿದ ಧೈರ್ಯದಲ್ಲಿ ಹೋಗಿ ಕೇಳಿದೆ. ಮ್ಯಾನೇಜರು ನಕ್ಕರು: 'ಅದು ಪಾರ್ಟ್ ಟೈಮು ಕಣಯ್ಯ. ಪಾರ್ಟ್ ಟೈಮಿಗೆ ಎಂಥ ಪಿ.ಎಫ್ಫು?'

'ಅದು' ಅಂದದ್ದು ಕೆಲಸಕ್ಕೋ ಅವ್ವನಿಗೋ, ನನಗೆ ತಿಳಿಯಲಿಲ್ಲ.

ಕಾನೂನು ಏನು ಹೇಳುತ್ತದೆ ನೋಡೋಣ. ಇ.ಎಸ್.ಐ.ಗೆ 1948ರ ಕಾಯ್ದೆ, ಪಿ.ಎಫ್.ಗೆ 1952ರ ಕಾಯ್ದೆ. ಇವೆರಡೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯದರಲ್ಲೂ ಹೊಸದರಲ್ಲೂ ಮೂಲ ಪ್ರಶ್ನೆ ಒಂದೇ: ಈ ಮನುಷ್ಯ ಕೂಲಿಗೆ ದುಡಿಯುತ್ತಾನೋ ಇಲ್ಲವೋ? ದಿನಕ್ಕೆ ಎಷ್ಟು ತಾಸು ಅಂತ ಯಾರೂ ಕೇಳಿಲ್ಲ.

ಕೇಳುವ ಅಗತ್ಯವೂ ಇಲ್ಲ. ವಂತಿಗೆ ಲೆಕ್ಕ ಹಾಕುವುದು ನೂರಕ್ಕೆ ಇಷ್ಟು ಎಂದು. ಅವ್ವನ ತಿಂಗಳ ಕೂಲಿ 4,000 ರೂಪಾಯಿ. ಪಿ.ಎಫ್.ಗೆ ಅವಳಿಂದ ನೂರಕ್ಕೆ 12, ಅಂದರೆ 480, ಧಣಿಯಿಂದ ಅಷ್ಟೇ. ಧಣಿಯ 480ರಲ್ಲಿ 333 ಪಿಂಚಣಿ ನಿಧಿಗೆ ಹೋಗುತ್ತದೆ. ಹತ್ತು ವರ್ಷ ಕಟ್ಟಿದವರಿಗೆ ಐವತ್ತೆಂಟರ ಮೇಲೆ ಪಿಂಚಣಿ. ಇ.ಎಸ್.ಐ.ಗೆ, 2019ರ ಜುಲೈಯಿಂದ, ಧಣಿಯದು ನೂರಕ್ಕೆ 3.25, ಆಳಿನದು 0.75. ದಿನದ ಸರಾಸರಿ ಕೂಲಿ 176 ರೂಪಾಯಿ ಮೀರದಿದ್ದರೆ ಆಳು ಕಟ್ಟಬೇಕಿಲ್ಲ, ಧಣಿ ಕಟ್ಟಲೇಬೇಕು. ಅರ್ಧ ಕೂಲಿಗೆ ಅರ್ಧ ವಂತಿಗೆ. ಲೆಕ್ಕ ಅಲ್ಲಿಗೆ ಚುಕ್ತಾ. ಅವ್ವನ ಹೆಸರನ್ನೇ ಪುಸ್ತಕದಿಂದ ಹೊರಗಿಟ್ಟಿದ್ದು ಯಾವ ಗಣಿತ? ಊರಿಂದ ಕೇರಿಯನ್ನು ಹೊರಗಿಟ್ಟ ಗಣಿತವೇ ಅಲ್ಲವೇ?

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. 'ಬರೋದೇ ನಾಕು ಸಾವ್ರ. ಅದ್ರಲ್ಲೂ ಐನೂರು ಹಿಡ್ಕಂಡ್ರೆ ಉಣ್ಣೋದೇನ್ಲಾ? ಅರವತ್ತಕ್ಕೆ ನಾನಿರ್ತೀನೋ ಇಲ್ವೋ.'

ಗೆಳೆಯರೇ, ಈ ಮಾತಿಗೆ ನನ್ನ ಡಿಗ್ರಿಯಲ್ಲಿ ಉತ್ತರವಿರಲಿಲ್ಲ. ಇವತ್ತಿನ ಹಸಿವನ್ನು ತೋರಿಸಿ ನಾಳೆಯ ಹಕ್ಕನ್ನು ಬಿಡಿಸುವುದೇ ಈ ವ್ಯವಸ್ಥೆಯ ಹುನ್ನಾರ. ಕೂಲಿ ಇಷ್ಟು ಕಡಿಮೆ ಕೊಟ್ಟವರೇ 'ಅವರಿಗೇ ಪಿ.ಎಫ್. ಬೇಡವಂತೆ' ಅನ್ನುತ್ತಾರೆ. ಆದರೆ ಧಣಿಯ 480 ಭಿಕ್ಷೆಯಲ್ಲ. ಹನ್ನೊಂದು ವರ್ಷ ಸವೆದ ಸೊಂಟದ ಮೇಲಿನ ಸಾಲ. ಅವ್ವ ಬೇಡ ಅಂದರೂ ಅವರ ಸಾಲ ತೀರುವುದಿಲ್ಲ.

1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಯಲ್ಲಿತ್ತು. ಇ.ಎಸ್.ಐ.ಗೆ ತಳಹದಿಯಾದ ಅದಾರ್ಕರ್ ವರದಿ 1944ರಲ್ಲಿ ಬಂದದ್ದು ಆಗಲೇ. ಕಾಯಿಲೆ ಬಿದ್ದ ಕಾರ್ಮಿಕ ಯಾರ ಮುಂದೆಯೂ ಕೈಯೊಡ್ಡಬಾರದು. ಆರು ತಿಂಗಳಲ್ಲಿ 78 ದಿನದ ವಂತಿಗೆ ಇದ್ದರೆ ಕಾಯಿಲೆ ರಜೆಗೆ ಕೂಲಿಯ ನೂರಕ್ಕೆ 70 ಭಾಗ ಸಿಗುತ್ತದೆ. ಹೋದ ಮಳೆಗಾಲದಲ್ಲಿ ಅವ್ವ ಇಪ್ಪತ್ತು ದಿನ ಮಲಗಿದಳು. ಜ್ವರವೇನೂ ಅರ್ಧ ದಿನ ಬರಲಿಲ್ಲ. ಸಾಲ ಮಾಡಿದೆವು.

'ಅರ್ಧ' ಅನ್ನುವುದು ಹಳೆಯ ಉಪಾಯ. ಗುಜರಾತಿನ ಅಂಗನವಾಡಿ ತಾಯಂದಿರದು ಪಾರ್ಟ್ ಟೈಮ್ ಕೆಲಸ, ಅವರಿಗೆ ಕೊಡುವುದು ಗೌರವಧನ, ಸಂಬಳವಲ್ಲ ಎಂದು ವಾದಿಸಲಾಗಿತ್ತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅದು ಪೂರ್ತಿ ಕೆಲಸ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಗೌರವದ ಹೆಸರಲ್ಲಿ ಹಕ್ಕು ಕದ್ದದ್ದು ಅಲ್ಲಿ ಬಯಲಾಯಿತು.

ಕಾನೂನಿಗೂ ಕಣ್ಣು ಕಾಣದ ಮೂಲೆಯಿದೆ. ಪಿ.ಎಫ್.ಗೆ ಇಪ್ಪತ್ತು ಜನ, ಇ.ಎಸ್.ಐ.ಗೆ ಹತ್ತು ಜನ ಇರಬೇಕು. ನಮ್ಮ ಚಿಕ್ಕವ್ವ ನಾಲ್ಕು ಮನೆಯಲ್ಲಿ ಎರಡೆರಡು ತಾಸು ಪಾತ್ರೆ ತಿಕ್ಕುತ್ತಾಳೆ. ಒಟ್ಟು ಎಂಟು ತಾಸು. ಇಡೀ ದಿನ ದುಡಿದರೂ ಅವಳು ಯಾರ ಆಳೂ ಅಲ್ಲ. ತಲೆ ಎಣಿಸುವ ಕಾನೂನು ಅವಳ ಬೆವರನ್ನು ಎಣಿಸುವುದು ಯಾವಾಗ? ಈ ಜಗಳವನ್ನು ನಾವು ಇನ್ನೂ ಶುರುವೇ ಮಾಡಿಲ್ಲ.

ಅದಕ್ಕೆ ಮೊದಲು, ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ಸಂಸ್ಥೆಯ ಹಾಜರಿ ಪುಸ್ತಕ ತೆಗೆದು ನೋಡಿ. ನೀವು ಬರುವ ಮುಂಚೆ ನೆಲ ಗುಡಿಸಿ ಹೋದವಳ ಹೆಸರು ಅದರಲ್ಲಿದೆಯೇ? ಇಲ್ಲದಿದ್ದರೆ, ನೀವು ಕೂತಿರುವ ಆ ಚೊಕ್ಕ ನೆಲದ ಬಾಕಿಯಲ್ಲಿ ನಿಮ್ಮ ಮೌನದ ಪಾಲೂ ಇದೆ.