ಎಚ್ಚರಿಕೆಯ ಪಟ್ಟಿ

ಗ್ವಾಟೆಮಾಲಾ ಎಂಬ ಹೆಸರು ನಮ್ಮ ಮನೆಗೆ ಹೊಸದಲ್ಲ. ಸಕಲೇಶಪುರದ ಕಡೆ ನಾಲ್ಕು ಏಲಕ್ಕಿ ಗಿಡ ಇಟ್ಟುಕೊಂಡವರಿಗೆಲ್ಲ ಅದು ಪರಿಚಿತವೇ. ಏಲಕ್ಕಿಯ ಧಾರಣೆ ಬಿದ್ದ ವರ್ಷ ನಮ್ಮ ತಂದೆಯವರು ಶಪಿಸುತ್ತಿದ್ದುದು ಮಳೆಯನ್ನಲ್ಲ, ಆ ದೇಶವನ್ನು. ಮೊದಲನೆಯ ಮಹಾಯುದ್ಧದ ಆಸುಪಾಸಿನಲ್ಲಿ ಜರ್ಮನ್ ಪ್ಲಾಂಟರೊಬ್ಬ ಭಾರತದ ಗಿಡವನ್ನು ಅಲ್ಲಿಯ ಕೋಬಾನ್ ಎಂಬ ಬೆಟ್ಟದ ಊರಿನ ಸೀಮೆಗೆ ಒಯ್ದು ನೆಟ್ಟನಂತೆ. ಇಂದು ಏಲಕ್ಕಿಯ ರಫ್ತಿನಲ್ಲಿ ಆ ದೇಶ ನಮ್ಮನ್ನು ಎಂದೋ ಹಿಂದೆ ಹಾಕಿದೆ. ಬೆಳೆಯುವವರು ಮಾತ್ರ ಅದನ್ನು ತಿನ್ನುವುದು ಅಪರೂಪ. ಎಲ್ಲವೂ ಹೆಚ್ಚುಕಡಿಮೆ ಅರಬರ ಕಾಫಿಗೆ ಹೋಗುತ್ತದೆ. ಪಾಯಸಕ್ಕೆ ಹಾಕದ ಜನ ಏಲಕ್ಕಿ ಬೆಳೆಯುವುದೆಂದರೇನು ಎಂದು ತಂದೆಯವರ ಆಕ್ಷೇಪಣೆ.

ಆ ಕೋಬಾನಿಗೆ ನನ್ನ ತಂಗಿಯ ಮಗಳು ಹೊರಟಳು. ಕೃಷಿ ವಿಜ್ಞಾನ ಓದಿದ ಹುಡುಗಿ. ಏಲಕ್ಕಿಯನ್ನು ಒಣಗಿಸುವ ಕ್ರಮವನ್ನು ನೋಡಿ ಬರಲು ಮೂರು ತಿಂಗಳು, ಒಬ್ಬಳೇ. ತಂಗಿ ಫೋನು ಮಾಡಿ, "ಅಣ್ಣ, ನನ್ನ ಮಾತು ಕೇಳುವವಳಲ್ಲ, ನೀನಾದರೂ ಹೇಳು" ಎಂದಳು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಧೈರ್ಯವಿಲ್ಲದ ಹಿರಿಯರು ಮಾಡುವುದನ್ನೇ ನಾನೂ ಮಾಡಿದೆ: ಎಚ್ಚರಿಕೆಯ ಪಟ್ಟಿಯೊಂದನ್ನು ತಯಾರಿಸಿದೆ.

ಒಳ್ಳೆಯ ಪಟ್ಟಿಯೇ. ಎರಡು ದಿನ ಕುಳಿತು ಓದಿ ಬರೆದದ್ದು. ಕತ್ತಲಾದ ಮೇಲೆ ಹೆದ್ದಾರಿಯ ಪ್ರಯಾಣ ಬೇಡ. ರಾಜಧಾನಿಯ 18ನೆಯ ವಲಯದ ಕಡೆ ಸುಳಿಯಬೇಡ. ಬೀದಿಯಲ್ಲಿ ಕೈ ತೋರಿಸಿ ಟ್ಯಾಕ್ಸಿ ನಿಲ್ಲಿಸಬೇಡ. ಅಮೆರಿಕದ ಹಳೆಯ ಶಾಲಾ ಬಸ್ಸುಗಳಿಗೆ ಬಣ್ಣ ಬಳಿದು ಅಲ್ಲಿ ಓಡಿಸುತ್ತಾರೆ. ಹಫ್ತಾ ಕೊಡದ ಚಾಲಕರನ್ನು ಪುಂಡರ ಗುಂಪುಗಳು ಗುಂಡಿಟ್ಟು ಕೊಂದದ್ದುಂಟು, ಆದ್ದರಿಂದ ಆ ಬಸ್ಸು ಬೇಡ, ಪ್ರವಾಸಿಗಳ ವ್ಯಾನಿನಲ್ಲಿ ಹೋಗು. ಒಡವೆ ಬೇಡ. ಉಡುಪು ಕಣ್ಣಿಗೆ ಬೀಳದಂತಿರಲಿ.

ಅವಳು ಎಲ್ಲವನ್ನೂ ಓದಿದಳು. ನಗಲಿಲ್ಲ. "ಮಾವ, ಇದರಲ್ಲಿ ಒಂದನ್ನು ನಾನು ಮೀರಿದ ದಿನವೇ ಏನಾದರೂ ಆಯಿತೆನ್ನಿ. ಆಗ ನೀವು ಮೊದಲು ಕೇಳುವುದು ಯಾರನ್ನು?" ಎಂದಳು.

ನನಗೆ ಸಿಟ್ಟು ಬಂತು. ಮನೆಗೆ ಬೀಗ ಹಾಕು ಎಂದವನು ಕಳ್ಳನ ಪಕ್ಷದವನಾಗುತ್ತಾನೆಯೆ ಎಂದೆ. ವಾದ ಗೆದ್ದೆನೆಂದೇ ಭಾವಿಸಿದ್ದೆ. ರಾತ್ರಿ ನಿದ್ರೆ ಬಾರದಿದ್ದಾಗ, ಪಟ್ಟಿಗಾಗಿ ಓದುವಾಗ ಕಣ್ಣಿಗೆ ಬಿದ್ದು ನಾನು ಬದಿಗೆ ಸರಿಸಿದ್ದ ಮೊಕದ್ದಮೆಯೊಂದು ನೆನಪಾಯಿತು.

2005ರ ಆಗಸ್ಟಿನಲ್ಲಿ, ಗ್ವಾಟೆಮಾಲಾ ನಗರದಲ್ಲಿ, 19 ವರ್ಷದ ಕಾನೂನು ವಿದ್ಯಾರ್ಥಿನಿ ಕ್ಲೌದಿನಾ ವೆಲಾಸ್ಕೆಸ್ ಪೈಸ್ ಔತಣಕ್ಕೆ ಹೋದವಳು ಮನೆಗೆ ಮರಳಲಿಲ್ಲ. ಅಪ್ಪ ಅಮ್ಮ ರಾತ್ರಿಯೇ ಹುಡುಕಲು ಹೊರಟರು. ಬೆಳಗಾಗುವ ತನಕ ಅವರ ದೂರನ್ನು ಯಾರೂ ಬರೆದುಕೊಳ್ಳಲಿಲ್ಲ. ಅಷ್ಟರಲ್ಲಿ ಅವಳ ಶವ ಬೀದಿಯಲ್ಲಿ ಬಿದ್ದಿತ್ತು. ಶವದ ಬಳಿಗೆ ಬಂದ ಅಧಿಕಾರಿಗಳು ನೋಡಿದ್ದು ಕೊರಳಿನ ಪಟ್ಟಿಯನ್ನು, ಹೊಕ್ಕುಳ ರಿಂಗನ್ನು, ಕಾಲಿನ ಚಪ್ಪಲಿಯನ್ನು. ಇಂಥವಳು 'ಯಾರೋ ಒಬ್ಬಳು' ಎಂದು ತೀರ್ಮಾನವಾಯಿತು. ಯಾರೋ ಒಬ್ಬಳ ಕೊಲೆಗೆ ತನಿಖೆಯೂ ಅಷ್ಟಕ್ಕಷ್ಟೇ. ಕೋಸ್ಟರಿಕಾದ ಸಾನ್ ಹೋಸೆಯಲ್ಲಿರುವ ಅಂತರ-ಅಮೆರಿಕನ್ ಮಾನವ ಹಕ್ಕುಗಳ ನ್ಯಾಯಾಲಯ 2015ರ ನವೆಂಬರಿನಲ್ಲಿ ಗ್ವಾಟೆಮಾಲಾ ಸರ್ಕಾರವೇ ತಪ್ಪಿತಸ್ಥನೆಂದು ತೀರ್ಪಿತ್ತಿತು. ಹತ್ತು ವರ್ಷ ಹಿಡಿಯಿತು.

ಚಪ್ಪಲಿ! ನಾನು ಆ ಪದವನ್ನೇ ಬಹಳ ಹೊತ್ತು ನೋಡುತ್ತ ಕುಳಿತೆ. ನನ್ನ ಪಟ್ಟಿಯಲ್ಲಿ ಉಡುಪಿನ ಮಾತಿತ್ತು, ಒಡವೆಯ ಮಾತಿತ್ತು. ಬರೆಯುವಾಗ ಅದು ಅಕ್ಕರೆ. ಅದೇ ಹಾಳೆ ಅನಾಹುತವಾದ ಮೇಲೆ ಇನ್ನೊಬ್ಬನ ಕೈಗೆ ಹೋದರೆ ದೋಷಾರೋಪಣೆಯ ಪಟ್ಟಿ. ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ಬೀಗದ ಹೋಲಿಕೆ ಅಲ್ಲಿಗೆ ಮುರಿಯಿತು: ಬೀಗ ಮರೆತವನನ್ನು ಪೊಲೀಸಿನವರು ಬೈದಾರು, ಆದರೂ ಕಳ್ಳತನವನ್ನು ಕಳ್ಳತನವೆಂದೇ ಬರೆದುಕೊಳ್ಳುತ್ತಾರೆ, ನೀನು ಎಂಥ ಮನೆಯವನು ಎಂದು ಕೇಳಿ ಕಡತ ಮುಚ್ಚುವುದಿಲ್ಲ.

ಹಾಗಾದರೆ ಪಟ್ಟಿಯೇ ಬೇಡವೆ? ಹಾಗೆನ್ನುವ ಧೀರರೂ ಇದ್ದಾರೆ. ಅವರಿಗೆ ಸ್ವಂತ ಸೊಸೆಯಂದಿರು ಇಲ್ಲವೆಂದು ನನ್ನ ಗುಮಾನಿ. ಕಾನೂನು ಬದಲಾಗುವವರೆಗೆ ಹುಡುಗಿ ಕತ್ತಲ ರಸ್ತೆಯಲ್ಲಿ ನಿಂತು ತತ್ತ್ವವನ್ನು ಎತ್ತಿ ಹಿಡಿಯಲಿ ಎನ್ನಲಾರೆ. ಕಾನೂನು ಬದಲಾಗಿಯೂ ಇದೆ. ಹೆಣ್ಣೆಂಬ ಕಾರಣಕ್ಕೆ ಹೆಣ್ಣನ್ನು ಕೊಲ್ಲುವುದು ಅಲ್ಲಿ 2008ರಿಂದ ಬೇರೆಯೇ ಅಪರಾಧ. 25ರಿಂದ 50 ವರ್ಷ ಸೆರೆ. 2011ರಲ್ಲಿ ರಾಜಧಾನಿಯಲ್ಲಿ ಹೆಂಗಸರಿಗೆಂದೇ ಬಸ್ಸು ಬಿಟ್ಟರು.

ಆದರೆ ಎಚ್ಚರ ಎಲ್ಲಿಯವರೆಗೆ ಕಾಯುತ್ತದೆ? ಕೋಬಾನಿನ ಸುತ್ತ ಏಲಕ್ಕಿ ಬೆಳೆಯುವವರು ಬಹುಮಟ್ಟಿಗೆ ಕೆಕ್ಚಿ ಎಂಬ ಮಾಯಾ ಜನ. ಸೆಪುರ್ ಸಾರ್ಕೋ ಎಂಬಲ್ಲಿಯ ಕೆಕ್ಚಿ ಹೆಂಗಸರು ಔತಣಕ್ಕೆ ಹೋದವರಲ್ಲ, ಪ್ರವಾಸ ಹೊರಟವರಲ್ಲ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದ ನಡುವೆ, 1982ರ ಸುಮಾರಿಗೆ, ತಮ್ಮ ನೆಲಕ್ಕೆ ಹಕ್ಕುಪತ್ರ ಕೇಳಿದ ಅವರ ಗಂಡಂದಿರನ್ನು ಸೈನ್ಯ ಹಿಡಿದೊಯ್ದಿತು. ಆಮೇಲೆ ಆ ವಿಧವೆಯರನ್ನು ಸರದಿಯ ಮೇಲೆ ಠಾಣ್ಯಕ್ಕೆ ಕರೆಸಿ ಅಡಿಗೆ ಮಾಡಿಸಿದರು, ಬಟ್ಟೆ ಒಗೆಸಿದರು, ಕೆಡಿಸಿದರು. ಅವರು ನನ್ನ ಪಟ್ಟಿಯ ಒಂದು ಅಂಶವನ್ನೂ ಮೀರಿರಲಿಲ್ಲ, ಮನೆಯಲ್ಲಿಯೇ ಇದ್ದರು. 2016ರ ಫೆಬ್ರವರಿಯಲ್ಲಿ ನ್ಯಾಯಾಲಯ ಇಬ್ಬರಿಗೆ ಶಿಕ್ಷೆ ವಿಧಿಸಿತು, ಒಬ್ಬನಿಗೆ 120 ವರ್ಷ, ಇನ್ನೊಬ್ಬನಿಗೆ 240. ವಿಚಾರಣೆಯ ದಿನಗಳಲ್ಲಿ ಆ ಅಜ್ಜಿಯರು ಬಣ್ಣದ ವಸ್ತ್ರದಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ಅಪರಾಧಿಗಳ ಮುಖ ತೆರೆದೇ ಇತ್ತು.

ಹೊರಡುವ ಹಿಂದಿನ ದಿನ ತಂಗಿಯ ಮನೆಗೆ ಹೋದೆ. ಹುಡುಗಿ ಪೆಟ್ಟಿಗೆ ಕಟ್ಟುತ್ತಿದ್ದಳು. ನನ್ನ ಹಾಳೆ ಮೇಲೆಯೇ ಇತ್ತು. ಅದನ್ನು ಹಿಂದಕ್ಕೆ ಕೇಳಿದೆ. "ಏಕೆ ಮಾವ, ಇನ್ನೂ ಸೇರಿಸುವುದಿದೆಯೆ?" ಎಂದಳು. ಉಡುಪಿನ ಸಾಲನ್ನು ಹೊಡೆದು ಹಾಕಿದೆ. ಉಳಿದುದನ್ನು ಮುಟ್ಟಲಿಲ್ಲ. ಕೊನೆಯಲ್ಲಿ, ಇದರಲ್ಲಿ ಯಾವುದನ್ನು ಮೀರಿದ್ದರೂ, ಯಾವ ಹೊತ್ತಿನಲ್ಲಾದರೂ ನನಗೆ ಫೋನು ಮಾಡು, ಏನೂ ಕೇಳುವುದಿಲ್ಲ ಎಂದು ಬರೆದೆ. ತಂಗಿ ಓದಿ, "ಇದೇನಣ್ಣ, ಮೀರು ಅಂತ ನೀನೇ ಹೇಳಿಕೊಟ್ಟ ಹಾಗಾಯಿತು" ಎಂದು ಮುಖ ಊದಿಸಿಕೊಂಡಳು. ಅವಳ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ.

ಈಗ ಅವಳು ಕೋಬಾನಿನಲ್ಲಿದ್ದಾಳೆ. ಅಲ್ಲಿಯೂ ಮಲೆನಾಡಿನ ಹಾಗೆ ಜಿಟಿಜಿಟಿ ಮಳೆ. ಅದಕ್ಕೆ ಅವರು 'ಚಿಪಿಚಿಪಿ' ಎನ್ನುತ್ತಾರಂತೆ. ಅವಳಿಗೆ ಕೋಣೆ ಕೊಟ್ಟ ಮನೆಯೊಡತಿಯೂ ಬಂದ ದಿನವೇ ಬಾಯಲ್ಲಿ ಒಂದು ಪಟ್ಟಿ ಒಪ್ಪಿಸಿದಳಂತೆ, ಹೆಚ್ಚುಕಡಿಮೆ ನನ್ನದೇ. ಆದರೆ ಆಕೆಯ ಸ್ವಂತ ಮಗಳು ಸಂತೆಗೆಂದು ನಸುಕಿನಲ್ಲಿ ಹೊರಡುವುದು ಆ ಬಣ್ಣದ ಬಸ್ಸಿನಲ್ಲಿಯೇ. ಪ್ರವಾಸಿಗಳ ವ್ಯಾನು ಸಂತೆಗೆ ಹೋಗುವುದಿಲ್ಲ. ಮೊನ್ನೆ ಬಂದ ಪತ್ರದಲ್ಲಿ, ಕಳೆದ ವಾರ ತಾನೂ ಆ ಹುಡುಗಿಯ ಜೊತೆ ಅದೇ ಬಸ್ಸಿನಲ್ಲಿ ಹೋಗಿ ಬಂದೆನೆಂದು ಬರೆದಿದ್ದಾಳೆ. ನಾನು ತಂಗಿಗೆ ಇನ್ನೂ ಹೇಳಿಲ್ಲ.