ಮಾನಕ್ಕೆ ಎಷ್ಟು ದೊಡ್ಡ ಕಾರು ಬೇಕು?




*ಇಂದಿನ ಚಿಂತನೆ: ಸುಖ ಬಯಸುವುದು ತೃಷ್ಣೆಯೇ?*

ನಮ್ಮ ಮನೆಯಲ್ಲಿ ಈಗ ಕಾರು ಕೊಳ್ಳುವ ಮಾತು ನಡೆದಿದೆ. ನಾವು ಐದು ಜನ. ಅವ್ವನಿಗೆ ಮೊಣಕಾಲು ನೋವು. ತಗ್ಗಿನ ಸೀಟಿನಲ್ಲಿ ಕೂತರೆ ಏಳಲು ಇನ್ನೊಬ್ಬರ ಕೈ ಬೇಕು. ಅದಕ್ಕೇ ಸೀಟು ಎತ್ತರ ಇರುವ ಸಣ್ಣ ಎಸ್‌ಯುವಿ ನೋಡುತ್ತಿದ್ದೇವೆ. ಇದನ್ನು ಕೇಳಿದ ನಮ್ಮ ಬಳಗದ ಹುಡುಗನೊಬ್ಬ ಅಂದ: "ಸರ್, ತೃಷ್ಣಾನೇ ದುಃಖಕ್ಕ ಮೂಲ ಅಂತ ನೀವೇ ಹೇಳ್ತೀರಿ. ಮತ್ತ ಹತ್ತು ಲಕ್ಷದ ಕಾರು ತೃಷ್ಣಾ ಅಲ್ಲೇನ್ರಿ?"

ಪ್ರಶ್ನೆ ನ್ಯಾಯವಾದದ್ದು. ಎಲ್ಲರೂ ಸೇರಿ ಯೋಚಿಸೋಣ.

ಧಮ್ಮ ಬಡತನವನ್ನು ಪೂಜಿಸುವುದಿಲ್ಲ. ಧರ್ಮವು ಬಡತನಕ್ಕೆ ಪಾವಿತ್ರ್ಯದ ಪಟ್ಟ ಕಟ್ಟಬಾರದು ಎಂದು ಬಾಬಾಸಾಹೇಬರು 1950ರ ತಮ್ಮ ಲೇಖನದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅಂಗುತ್ತರ ನಿಕಾಯದಲ್ಲಿ ಭಗವಾನರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ತಿಳಿಸುತ್ತಾರೆ: ನ್ಯಾಯವಾಗಿ ದುಡಿದದ್ದು ನಮ್ಮದಾಗಿರುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿರ್ದೋಷಿಯಾಗಿ ಬಾಳುವ ಸುಖ. ಅವ್ವ ಯಾರ ಕೈಯನ್ನೂ ಹಿಡಿಯದೆ ಕಾರಿನಿಂದ ಇಳಿಯುವುದು ಎರಡನೆಯ ಸುಖ. ಅದರಲ್ಲಿ ತಪ್ಪೇನೂ ಇಲ್ಲ.

ತೃಷ್ಣೆ ಬೇರೆ ಬಾಗಿಲಿನಿಂದ ಬರುತ್ತದೆ. ಕನ್ನಡದಲ್ಲಿ ‘ಮಾನ’ ಎಂದರೆ ಮರ್ಯಾದೆ. ಪಾಳಿಯಲ್ಲಿ ಅದೇ ‘ಮಾನ’ ಎಂದರೆ ಅಹಂಕಾರ, ಬಿಡಬೇಕಾದ ಬಂಧನ. ನಾನು ಅವನಿಗಿಂತ ಮೇಲು, ನಾನು ಅವನಿಗೆ ಸಮ, ನಾನು ಅವನಿಗಿಂತ ಕೀಳು ಎಂಬ ಮೂರು ಎಣಿಕೆಗಳೂ ಮಾನವೇ. ನಮಗೆ ಬೇಕಾದದ್ದು ಮೊದಲನೆಯ ಅರ್ಥದ ಮಾನ. ಆದರೆ ಶೋರೂಮಿನಲ್ಲಿ ಎರಡೂ ಒಂದೇ ಬಣ್ಣದಲ್ಲಿ ನಿಂತಿರುತ್ತವೆ.

ಗಾಡಿ ಎಂಬುದು ನಮ್ಮವರಿಗೆ ಬರೀ ಗಾಡಿಯಾಗಿರಲಿಲ್ಲ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬಾಬಾಸಾಹೇಬರು 1929ರ ಚಾಳೀಸಗಾಂವ್ ಘಟನೆ ಬರೆದಿದ್ದಾರೆ. ಅವರನ್ನು ಕೂರಿಸಿಕೊಂಡು ಟಾಂಗಾ ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಅಂಥ ಅತಿಥಿಯನ್ನು ನಡೆಸಿಕೊಂಡು ಹೋದರೆ ಅವಮಾನ ಎಂದು ಕೇರಿಯವರು ಟಾಂಗಾ ಮಾತ್ರ ಬಾಡಿಗೆಗೆ ತಂದು, ಓಡಿಸಲು ಬಾರದ ತಮ್ಮವನೊಬ್ಬನ ಕೈಗೆ ಲಗಾಮು ಕೊಟ್ಟರು. ಹೊಳೆಯ ಸೇತುವೆಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು. ಕುದುರೆ, ಟಾಂಗಾ ಹೊಳೆಗೆ ಬಿದ್ದವು. ತನ್ನ ಮರ್ಯಾದೆ ಉಳಿಸಲು ಹೋದವರು ತನ್ನ ಪ್ರಾಣವನ್ನೇ ಅಪಾಯಕ್ಕೆ ಒಡ್ಡಿದರು ಎಂದು ಅವರು ಬರೆಯುತ್ತಾರೆ. ಆ ಜನರ ಪ್ರೀತಿ ದೊಡ್ಡದು. ಆದರೂ ಪಾಠ ಪಾಠವೇ: ಮರ್ಯಾದೆಯ ಲೆಕ್ಕದಲ್ಲಿ ಪ್ರಾಣದ ಲೆಕ್ಕ ಮರೆಯಬಾರದು.

ಇದನ್ನು ಇಂದಿನ ಶೋರೂಮಿಗೆ ತನ್ನಿ. ಸನ್‌ರೂಫ್ ಊರಿಗೆ ಕಾಣುತ್ತದೆ. ಆರು ಏರ್‌ಬ್ಯಾಗ್, ಒಳ್ಳೆಯ ಟೈರು, ಹಿಂದಿನ ಗಾಜಿನ ಮಂಜು ಬಿಡಿಸುವ ಡಿಫಾಗರ್ ಯಾರಿಗೂ ಕಾಣುವುದಿಲ್ಲ. ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಹೊರಡುವ ವಿಜಯಪುರ ಕಡೆಯವರಿಗೆ ರಸ್ತೆ ಗೊತ್ತು. ಕಬ್ಬು ನುರಿಸುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ನಸುಕಿನಲ್ಲಿ ಹೊಳೆಯ ಬದಿಯಲ್ಲಿ ಮಂಜು. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ತಿರುಗುತ್ತದೆ. ಲೋಬೀಮ್ ಹಾಕಿ ನಿಧಾನ ಹೋಗಬೇಕು. ನಮ್ಮ ಚಳಿಗಾಲ ಹಿಮದ್ದಲ್ಲ, ನಾಲ್ಕೂ ಚಕ್ರ ಎಳೆಯುವ ದುಬಾರಿ ಗಾಡಿ ಬೇಕಿಲ್ಲ. ಕಾಣುವ ಗಾಜು, ಹಿಡಿಯುವ ಬ್ರೇಕು ಬೇಕು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇದೆ. ಅದು ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡುತ್ತದೆ. ಎರಡನ್ನೂ ಕೇಳಿ ನೋಡಿ.

ಮೂರನೆಯದು ಸಾಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಉಳಿದ ಹಣಕ್ಕೆ ಮೇಲಿನ ಮಾಡೆಲ್ ಎನ್ನುತ್ತದೆ ತೃಷ್ಣೆ. ಉಳಿದಷ್ಟು ಸಾಲ ಕಡಿಮೆ ಎನ್ನುತ್ತದೆ ಪ್ರಜ್ಞೆ. ಕಾರಿನ ಕಂತಿಗಾಗಿ ಮಗಳ ಕಾಲೇಜಿನ ಫೀ ಮುಂದೂಡುವ ಮನೆಯಲ್ಲಿ ಕಾರು ಇದ್ದೂ ಸುಖವಿಲ್ಲ.

"ಇವರಿಗೂ ಕಾರು ಬಂತು" ಎಂಬ ಮಾತು ನಮ್ಮ ಓಣಿಗಳಲ್ಲಿ ಇಂದಿಗೂ ಕೇಳುತ್ತದೆ. ಅದಕ್ಕೆ ಉತ್ತರವಾಗಿ ಇನ್ನೂ ದೊಡ್ಡದನ್ನು ಕೊಂಡರೆ, ಸ್ಟೀರಿಂಗ್ ಆ ಮಾತಾಡಿದವನ ಕೈಗೇ ಕೊಟ್ಟಂತೆ. ಕಂತು ಮಾತ್ರ ನಮ್ಮದು.

ನಾಲ್ಕನೆಯ ಸುಖದ ಹದಿನಾರನೆಯ ಒಂದು ಪಾಲಿಗೂ ಉಳಿದ ಮೂರು ಸಮವಲ್ಲ ಎಂದು ಭಗವಾನರು ಹೇಳಿದ್ದಾರೆ. ಕುಡಿದು ಓಡಿಸದಿರುವುದು ಐದನೆಯ ಶೀಲ. ನಡೆದು ಹೋಗುವವರಿಗೆ ದಾರಿ ಬಿಡುವುದು ಮೈತ್ರಿ. ಖಾಲಿ ಸೀಟಿದ್ದರೆ ಓಣಿಯ ಹಿರಿಯರೊಬ್ಬರನ್ನು ವಿಹಾರಕ್ಕೆ ಕರೆದೊಯ್ಯುವುದು ದಾನ. ಇವುಗಳಿಗೆ ಯಾವ ಮಾಡೆಲ್ ಆದರೂ ನಡೆಯುತ್ತದೆ.

*ಇಂದಿನ ಅಭ್ಯಾಸ:* ಕೊಳ್ಳಬೇಕೆಂದಿರುವ ವಸ್ತುವೊಂದನ್ನು ನೆನೆಯಿರಿ. ಯಾರೂ ನೋಡುವವರಿಲ್ಲದಿದ್ದರೂ ಅದನ್ನು ಕೊಳ್ಳುತ್ತಿದ್ದೆನೇ? ಹೌದು ಎಂದಾದರೆ ಅದು ಅಗತ್ಯ, ಸಂಕೋಚಪಡದೆ ಕೊಳ್ಳಿ.

ಭವತು ಸಬ್ಬ ಮಂಗಲಂ.
ಜೈ ಭೀಮ್.